ಸಾವಿರ ಕೆರೆಗಳ ನಾಡಿಗೆ ಸೈಕಲ್ ಮೇಲೆ

ಹೋದ ಸಂಚಿಕೆಯಲ್ಲಿ ಫ್ರಾನ್ಸಿನ ಬ್ರೆನ್ ಅನ್ನುವ ಕೆರೆ-ಕಾಡಿನ ಸೀಮೆಯಲ್ಲಿ ಸೈಕಲ್ ಹೊಡೆದದ್ದನ್ನು ಅರ್ಧ ಪುಟ ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿದ್ದೇನೆ. ವಿಮಾನದ ಟಿಕೆಟ್ ರೇಟು ಕೇಳಿದವರಿಗೆ ಮಾತ್ರ ಉತ್ತರ ಇಲ್ಲ, ಇವತ್ತಿನ ರೇಟು ನಾಳೆ ಇರುವುದಿಲ್ಲ.

ಪ್ರಶ್ನೆ: ಫ್ರಾನ್ಸ್ ಅಂದರೆ ನಮಗೆ ಪ್ಯಾರಿಸ್ ಮಾತ್ರ ಗೊತ್ತು. ಈ ಬ್ರೆನ್ ಎಲ್ಲಿದೆ? ಎಂಟು ದಿನ ರಜೆ ಸಿಗುತ್ತದೆ, ಸಾಕಾಗುತ್ತಾ? (ಬ್ಯಾಂಕ್ ನೌಕರ, ಹುಬ್ಬಳ್ಳಿ)

ಸಾಕು, ಆದರೆ ಪ್ಯಾರಿಸ್ಸಿಗೆ ಅದರಲ್ಲಿ ಜಾಸ್ತಿ ದಿನ ಕೊಡಬೇಡಿ. ಪ್ಯಾರಿಸ್ಸಿನ ಓಸ್ತರ್ಲಿಟ್ಜ್ ಸ್ಟೇಷನ್ನಿನಲ್ಲಿ ಲಿಮೋಜ್ ಕಡೆಯ ರೈಲು ಹತ್ತಿದರೆ ಸುಮಾರು ಎರಡು ತಾಸಿಗೆ ಶಾತೊರೂ ಬರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ 40 ಕಿ.ಮೀ. ಆಸುಪಾಸು ತುಳಿದರೆ ಮೆಜಿಯೇರ್ ಅನ್ನುವ ಸಣ್ಣ ಊರು, ಅಲ್ಲಿಗೆ ನೀವು ಬ್ರೆನ್ ನಡುವೆ ಇದ್ದೀರಿ ಅಂತ ಅರ್ಥ. ದಕ್ಷಿಣಕ್ಕೆ ಕ್ರೋಜ್ ನದಿಯ ದಂಡೆಯ ಮೇಲೆ ಲ ಬ್ಲಾಂ ಅನ್ನುವ ಇನ್ನೊಂದು ಊರಿದೆ, ಅದು ಸ್ವಲ್ಪ ದೊಡ್ಡದು, ಸಂತೆ, ಅಂಗಡಿ, ಉಳಿಯುವ ಜಾಗ ಎಲ್ಲ ಸಿಗುತ್ತದೆ. ಆ ಭಾಗದಲ್ಲಿ ಹಳೆಯ ರೈಲು ದಾರಿಯ ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದಾರೆ. ರೈಲಿನ ದಾರಿ ಆದ್ದರಿಂದ ಏರು ಅನ್ನುವುದು ಗೊತ್ತೇ ಆಗುವುದಿಲ್ಲ.

ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಅಥವಾ ಸೆಪ್ಟೆಂಬರಿನಲ್ಲಿ ಹೋಗಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ, ಹಾಗಂತ ಊಟಕ್ಕೆ ತಡ ಮಾಡಿದರೆ ಉಪವಾಸ, ಅದನ್ನು ಮುಂದೆ ಹೇಳುತ್ತೇನೆ. ವೀಸಾ ಶೆಂಗೆನ್ ಬೇಕು, ಅಂದರೆ ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ವೀಸಾ, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಆಗುವುದಿಲ್ಲ. 30,000 ಯೂರೋ ಆಸ್ಪತ್ರೆ ಖರ್ಚಿನ ಪ್ರಯಾಣ ವಿಮೆಯೂ ಕಡ್ಡಾಯ.

ಪ್ರಶ್ನೆ: "ಸಾವಿರ ಕೆರೆ" ಅಂತ ಬರೆದಿದ್ದೀರಿ. ಅವು ತಾವೇ ಆದವೋ, ಕಟ್ಟಿದ್ದೋ? ನಮ್ಮ ಹಾನಗಲ್ಲ ಕಡೆ ಕೆರೆಗಳ ಹಾಗೇನಾ? (ರೈತ, ಹಾನಗಲ್ಲ ತಾಲೂಕು)

ಈ ಪ್ರಶ್ನೆ ಬರಲಿ ಅಂತ ಕಾಯುತ್ತಿದ್ದೆ! ಕಟ್ಟಿದ್ದು. ಬೇಕಾದರೆ ನಿಮ್ಮ ಊರಿನ ನೀರಗಂಟಿಯನ್ನು ಕರೆದುಕೊಂಡು ಹೋಗಿ, ಅವನಿಗೆ ಫ್ರೆಂಚ್ ಬರದಿದ್ದರೂ ನಡೆಯುತ್ತದೆ. ಒಡ್ಡು, ತೂಬು, ಕೋಡಿ, ಎಲ್ಲ ಅಲ್ಲೂ ಇದೆ. ಒಂದು ಕೆರೆಯ ನೀರು ಕೆಳಗಿನ ಕೆರೆಗೆ, ಅದರದು ಇನ್ನೊಂದಕ್ಕೆ, ಹೀಗೆ ಸರಪಳಿ. ನಾನು ಮೊದಲ ದಿನ ಒಂದು ಒಡ್ಡಿನ ಮೇಲೆ ಸೈಕಲ್ ನಿಲ್ಲಿಸಿ ತೂಬಿನ ಕಡೆ ಬಗ್ಗಿ ನೋಡುತ್ತಾ ನಿಂತಿದ್ದೆ. ಜೊತೆಗಿದ್ದವರು ಹಕ್ಕಿ ನೋಡುತ್ತಿದ್ದರು, ನನಗೆ ಮಾತ್ರ ಯಾಕೋ ಅಜ್ಜನ ಹೊಲದ ದಾರಿ ನೆನಪಾಯಿತು.

ಆದರೆ ಕಟ್ಟಿದ ಕಾರಣ ಬೇರೆ. ನಮ್ಮವರು ಭತ್ತಕ್ಕೆ, ದನಕ್ಕೆ ಕಟ್ಟಿದರು. ಅಲ್ಲಿ ಮೀನಿಗೆ. ಅಲ್ಲಿನ ನೆಲ ಜೇಡಿ ಮತ್ತು ಮರಳುಗಲ್ಲು, ನೀರು ಇಂಗುವುದಿಲ್ಲ, ಬೆಳೆಗೂ ಅಷ್ಟಕ್ಕಷ್ಟೇ. ಮಧ್ಯಯುಗದ ಕ್ರೈಸ್ತ ಮಠಗಳ ಸನ್ಯಾಸಿಗಳು ಈ ಜೌಗು ನೆಲಕ್ಕೆ ಒಡ್ಡು ಹಾಕಿದರು. ಅವರಿಗೆ ವರ್ಷದಲ್ಲಿ ಮಾಂಸ ತಿನ್ನಬಾರದ ದಿನಗಳು ಬಹಳ, ಶುಕ್ರವಾರ ಬಂತು, ಈಸ್ಟರಿನ ಮುಂಚಿನ ನಲವತ್ತು ದಿನ ಬಂತು, ಆ ದಿನಗಳಲ್ಲಿ ಮೀನು ನಡೆಯುತ್ತಿತ್ತು. ಉಪವಾಸದ ದೆಸೆಯಿಂದ ಒಂದು ಸೀಮೆಯೇ ಕೆರೆಯಾಯಿತು ನೋಡಿ. ಎಲ್ಲವೂ ಹಳೆಯವಲ್ಲ, ಎಷ್ಟೋ ಕೆರೆಗಳನ್ನು ಇಪ್ಪತ್ತನೇ ಶತಮಾನದಲ್ಲೂ ಕಟ್ಟಿದ್ದಾರೆ. "ಸಾವಿರ" ಅನ್ನುವುದು ಬಾಯಿಮಾತಿನ ಲೆಕ್ಕ, ಎಣಿಸಿದರೆ ಅದಕ್ಕಿಂತ ಜಾಸ್ತಿ.

ಮಲೆನಾಡ ಅಂಚಿನಲ್ಲಿ ಬೇಸಿಗೆಗೆ ನೀರು ಇಳಿದಾಗ ಕೆರೆಬೇಟೆ ಆಡುತ್ತಾರಲ್ಲ, ಅಲ್ಲಿ ಆ ಕೆಲಸ ಚಳಿಗಾಲಕ್ಕೆ. ನಮ್ಮಲ್ಲಿ ಬಿಸಿಲು ಕೆರೆ ಖಾಲಿ ಮಾಡುತ್ತದೆ, ಅವರು ತೂಬು ಎತ್ತಿ ತಾವೇ ಖಾಲಿ ಮಾಡುತ್ತಾರೆ. ನೀರು ನಿಧಾನಕ್ಕೆ ಹರಿದು ಮೀನೆಲ್ಲ ತೂಬಿನ ಹತ್ತಿರದ ಗುಂಡಿಗೆ ಬಂದು ಸೇರುತ್ತದೆ. ಎದೆಮಟ್ಟದ ರಬ್ಬರ್ ಉಡುಪು ಹಾಕಿಕೊಂಡ ಗಂಡಾಳುಗಳು ಬಲೆ ಎಳೆದು, ಕಾರ್ಪ್ ಒಂದು ಕಡೆ, ಬೇರೆ ಮೀನು ಒಂದು ಕಡೆ ಅಂತ ಮೇಜಿನ ಮೇಲೆ ವಿಂಗಡಿಸುತ್ತಾರೆ. ಅಕ್ಟೋಬರಿನಿಂದ ಚಳಿಗಾಲವೆಲ್ಲ ಒಂದಾದ ಮೇಲೊಂದು ಕೆರೆಯ ಸರದಿ.

ಇನ್ನೊಂದು ವ್ಯತ್ಯಾಸ ನನಗೆ ಹಿಡಿಸಲಿಲ್ಲ, ಹೇಳಿಬಿಡುತ್ತೇನೆ. ಅಲ್ಲಿನ ಹೆಚ್ಚಿನ ಕೆರೆಗಳು ಖಾಸಗಿ. ತಂತಿ, ಬೋರ್ಡು, ಒಳಗೆ ಹೋಗುವ ಹಾಗಿಲ್ಲ. ನಮ್ಮಲ್ಲಿ ಯಾರು ಬೇಕಾದರೂ ಕೆರೆ ಒಡ್ಡಿನ ಮೇಲೆ ಹೋಗಿ ಕೂರಬಹುದು, ಅದೇ ದೊಡ್ಡ ಭಾಗ್ಯ ಅಂತ ಅಲ್ಲಿ ಹೋದಾಗ ತಿಳಿಯಿತು. ಹಾಗಾಗಿ ದಾರಿ ಗುರುತಿಸಿಕೊಂಡು ಹೋಗಬೇಕು. ಶೆರೀನ್ ಅನ್ನುವ ರಕ್ಷಿತ ಪ್ರದೇಶ 1985ರದು. ಅಲ್ಲಿ ಮರದ ಗುಡಿಸಲಿನಂಥ ಅಡಗುತಾಣಗಳಿವೆ, ಕಿಂಡಿಯಿಂದ ಹಕ್ಕಿ ನೋಡಬಹುದು. ಬೆಲ್‌ಬೂಶ್ ಕೆರೆಗೆ ಜನ ಈಜಲು ಬರುತ್ತಾರೆ. ದೊಡ್ಡದು ಮೆರ್ ರೂಜ್, ಅಂದರೆ ಕೆಂಪು ಸಮುದ್ರ. ಕ್ರುಸೇಡ್ ಅನ್ನುವ ಮಧ್ಯಯುಗದ ಧರ್ಮಯುದ್ಧಕ್ಕೆ ಹೋಗಿ ಕೆಂಪು ಸಮುದ್ರದ ದಂಡೆಯಲ್ಲಿ ಸೆರೆಯಾಗಿದ್ದ ಒಬ್ಬ ಪಾಳೇಗಾರ ತಿರುಗಿ ಬಂದು ಆ ಹೆಸರಿಟ್ಟ ಅಂತ ಹೇಳಿಕೆ. ಅದರ ಹತ್ತಿರವೇ ಬೂಶೆ ಕೋಟೆ ಇದೆ. ಈ ಸೀಮೆಯನ್ನು ಪ್ರಕೃತಿ ಉದ್ಯಾನ ಅಂತ ಗುರುತಿಸಿದ್ದಾರೆ, ಅದರ ಕಚೇರಿಯೂ ಅಲ್ಲೇ, ಸೈಕಲ್ ದಾರಿಯ ನಕ್ಷೆ ಅಲ್ಲಿ ತೆಗೆದುಕೊಳ್ಳಿ. ಕೆರೆ ಸಾಕೆನಿಸಿದರೆ ಲಾಂಕೋಮ್ ಕಾಡಿದೆ, ಓಕ್ ಮರಗಳ ನೆರಳಲ್ಲಿ ತಾಸುಗಟ್ಟಲೆ ತುಳಿಯಬಹುದು. ಬೇಟೆಯ ಕಾಲ ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ, ಆಗ ಕಾಡಿಗೆ ಹೋಗುವವರು ಕಣ್ಣಿಗೆ ರಾಚುವ ಬಣ್ಣದ ಬಟ್ಟೆ ಹಾಕಿಕೊಳ್ಳಿ.

ಮೇ-ಜೂನ್‌ನಲ್ಲಿ ರಸ್ತೆ ನೋಡಿಕೊಂಡು ಸೈಕಲ್ ಹೊಡೆಯಿರಿ. ಅಲ್ಲಿನ ಕೆರೆ ಆಮೆಗಳು ಮೊಟ್ಟೆ ಇಡಲು ನೀರು ಬಿಟ್ಟು ರಸ್ತೆ ದಾಟುತ್ತವೆ. ನನಗೆ ಒಂದು ಅಡ್ಡ ಬಂತು, ಅದು ದಾಟುವವರೆಗೆ ಇಳಿದು ನಿಂತೆ, ಹಿಂದೆ ಬಂದ ಟ್ರ್ಯಾಕ್ಟರಿನವನೂ ಸುಮ್ನೆ ನಿಂತ.

ಪ್ರಶ್ನೆ: ನನ್ನ ಸೈಕಲ್ಲೇ ಒಯ್ಯಲಾ, ಬಾಡಿಗೆಗೆ ತೆಗೆದುಕೊಳ್ಳಲಾ? ರೂಲ್ಸ್ ಏನಾದರೂ ಇದೆಯಾ? (ಕಾಲೇಜು ವಿದ್ಯಾರ್ಥಿನಿ, ಧಾರವಾಡ)

ಒಂದು ವಾರಕ್ಕಾದರೆ ಬಾಡಿಗೆಯೇ ಸರಿ. ಬಿಚ್ಚಿ ಡಬ್ಬಿಗೆ ಹಾಕಿ, ಅಲ್ಲಿ ಮತ್ತೆ ಜೋಡಿಸುವುದರಲ್ಲಿ ಎರಡು ದಿನ ಹೋಗುತ್ತದೆ. ದೂರದ ರೈಲಿನಲ್ಲಿ ಸೈಕಲ್ಲಿಗೂ ಸೀಟು ಕಾದಿರಿಸಬೇಕು.

ನನ್ನ ತಪ್ಪು ನೀನು ಮಾಡಬೇಡ. ಇಲ್ಲಿಂದ ನನ್ನ ಸಣ್ಣ ಪಂಪು ಒಯ್ದಿದ್ದೆ, ಭಾರೀ ತಯಾರಿ ಅಂತ ಹೆಮ್ಮೆ. ಭಾನುವಾರ ಮಧ್ಯಾಹ್ನ ಪಂಕ್ಚರ್. ಟ್ಯೂಬ್ ಬದಲಿಸಿದೆ, ಹವಾ ಹೊಡೆಯೋಣ ಅಂದರೆ ಪಂಪು ಕೂರುತ್ತಲೇ ಇಲ್ಲ! ಅಲ್ಲಿ ಬಹಳಷ್ಟು ಸೈಕಲ್ಲಿಗೆ ಪ್ರೆಸ್ಟಾ ವಾಲ್ವ್, ಸಣ್ಣಗೆ ಉದ್ದಕ್ಕೆ ಇರುತ್ತದೆ, ತುದಿಯ ತಿರುಪು ಸಡಿಲಿಸಿ ಹವಾ ಹೊಡೆಯಬೇಕು. ಅಂಗಡಿ ಎಲ್ಲ ಬಂದ್. ಒಂಬತ್ತು ಕಿ.ಮೀ. ಸೈಕಲ್ ತಳ್ಳಿಕೊಂಡು ನಡೆದೆ. ಬಾಡಿಗೆ ಕೊಡುವವರ ಹತ್ತಿರವೇ ಅದಕ್ಕೆ ಹೊಂದುವ ಪಂಪು, ಎರಡು ಟ್ಯೂಬ್ ಕೇಳಿ ತೆಗೆದುಕೋ.

ರೂಲ್ಸ್ ಅಂದರೆ, ಬಲಕ್ಕೆ ಹೋಗಬೇಕು. ಬೋರ್ಡು ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವರಿಗೆ ದಾರಿ ಬಿಡಬೇಕು, ನಮಗೆ ಇದು ತಲೆಗೆ ಹತ್ತಲು ಎರಡು ದಿನ ಬೇಕು. ಕಿವಿಗೆ ಇಯರ್‌ಫೋನ್ ಹಾಕಿದರೆ ದಂಡ. ರಾತ್ರಿ ಊರ ಹೊರಗೆ ಹೊಳೆಯುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ ಹನ್ನೆರಡು ವರ್ಷದ ಒಳಗಿನವರಿಗಷ್ಟೇ ಕಡ್ಡಾಯ, ನೀನು ಹಾಕಿಕೋ. ಊರ ಹೊರಗೆ ಕಾರಿನವರು ಸೈಕಲ್ಲಿಗೆ ಒಂದೂವರೆ ಮೀಟರ್ ಜಾಗ ಬಿಟ್ಟೇ ಮುಂದೆ ಹೋಗಬೇಕು ಅಂತ ಕಾನೂನಿದೆ. ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಸೈಕಲ್ ಹೊಡೆದವರಿಗೆ ಇದು ಕನಸಿನಂತೆ ಕಾಣುತ್ತದೆ.

ಪ್ರಶ್ನೆ: ನಾವು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆ ಹಳ್ಳಿಗಳಲ್ಲಿ ಏನು ತಿನ್ನುವುದು? (ಗೃಹಿಣಿ, ಗದಗ)

ಅಕ್ಕ, ಕಷ್ಟ ಇದೆ, ಸುಳ್ಳು ಹೇಳುವುದಿಲ್ಲ. ಹೋಟೆಲುಗಳು ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಊಟ ಕೊಡುತ್ತವೆ, ಎರಡು ಹತ್ತಕ್ಕೆ ಹೋದರೆ ಪಾತ್ರೆ ತೊಳೆಯುವ ಸಪ್ಪಳ ಅಷ್ಟೇ. ಎಷ್ಟೋ ಅಂಗಡಿ ಸೋಮವಾರವೂ ತೆಗೆಯುವುದಿಲ್ಲ. ಬೆಳಗ್ಗೆಯೇ ಬ್ರೆಡ್, ಟೊಮೆಟೊ, ಹಣ್ಣು ಕೊಂಡು ಕ್ಯಾರಿಯರಿಗೆ ಕಟ್ಟಿಕೊಳ್ಳಿ. ಅಲ್ಲಿನ ಪೂಲಿನ್ಯಿ ಸಾಂ ಪಿಯೆರ್ ಅನ್ನುವ ಆಡಿನ ಹಾಲಿನ ಚೀಸ್ ಪಿರಮಿಡ್ ಆಕಾರದ್ದು, ಐಫೆಲ್ ಟವರ್ ಅಂತ ಅಡ್ಡಹೆಸರು. ರುಚಿ ಚೆನ್ನ. ಆದರೆ ಇಂಥ ಹಳೇ ಪದ್ಧತಿಯ ಚೀಸಿಗೆ ಪ್ರಾಣಿಯ ಹೊಟ್ಟೆಯ ರೆನೆಟ್ ಹಾಕಿ ಹಾಲು ಒಡೆಯುವುದು ಸಾಮಾನ್ಯ, ನೀವು ಕಟ್ಟುನಿಟ್ಟಾದರೆ ಬಿಡಿ.

ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ, ಸೈಕಲ್ಲಿಗೆ ಅದಕ್ಕಿಂತ ಒಳ್ಳೆಯ ಬುತ್ತಿ ನನಗೆ ಗೊತ್ತಿಲ್ಲ. ಹಾಲಿನ ಪದಾರ್ಥ, ಮಾಂಸ ಯುರೋಪಿನ ಒಳಗೆ ತರುವ ಹಾಗಿಲ್ಲ. ಪೇಡೆ ಖೋವಾದ್ದು, ಅಲ್ಲಿ ನಿಂತು ವಾದ ಮಾಡುವುದಕ್ಕಿಂತ ಇಲ್ಲೇ ತಿಂದು ಹೊರಡಿ. ನೀರಿಗೆ ಒಂದು ಉಪಾಯ: ಹಳ್ಳಿಯ ಸ್ಮಶಾನದಲ್ಲಿ ನಲ್ಲಿ ಇರುತ್ತದೆ, ಅಲ್ಲಿನ ಸೈಕಲ್ಲಿನವರು ಬಾಟಲಿ ತುಂಬುವುದೇ ಅಲ್ಲಿ. ಕುಡಿಯಬಾರದು ಅಂತ ಬೋರ್ಡು ಇದೆಯಾ ಅಂತ ನೋಡಿಕೊಳ್ಳಿ. ನಿಮ್ಮ ಅತ್ತೆಗೆ ಮಾತ್ರ ಹೇಳಬೇಡಿ.

ಪ್ರಶ್ನೆ: ನನಗೆ 62. ದಿನಾ ಹೆಗ್ಗೇರಿ ಕೆರೆ ಕಡೆ ಸೈಕಲ್ ಹೊಡೆಯುತ್ತೇನೆ. ಆಗುತ್ತದಾ? (ನಿವೃತ್ತ ಶಿಕ್ಷಕರು, ಹಾವೇರಿ)

ಯಾಕಾಗಲ್ಲ ಮಾಸ್ತರೇ? ಬ್ರೆನ್ ಬಹುಪಾಲು ಸಪಾಟು. ದಿನಕ್ಕೆ 40-50 ಕಿ.ಮೀ. ಸಾಕು, ಅಷ್ಟರಲ್ಲೇ ಹತ್ತು ಸಲ ಇಳಿಯುತ್ತೀರಿ. ಮೊದಲು ಈ ಚಳಿಗಾಲದಲ್ಲಿ ಗದಗಿನಿಂದ ಮಾಗಡಿ ಕೆರೆಗೆ ಹೋಗಿ ಬನ್ನಿ, ಒಂದು ಕಡೆಗೆ 26 ಕಿ.ಮೀ. ಆಗುತ್ತದೆ, ಹೋಗಿ ಬಂದರೆ ಅಲ್ಲಿನ ಒಂದು ದಿನದ ಲೆಕ್ಕ. ಬ್ರೆನ್ 1991ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗು ನೆಲಗಳ ಪಟ್ಟಿ ಸೇರಿತು, ಮಾಗಡಿ 2024ರಲ್ಲಿ. ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಬಾತುಗಳು ಮುಂಜಾನೆ ಹೊಲದಿಂದ ಕೆರೆಗೆ ಇಳಿಯುವುದನ್ನು ನೋಡಬೇಕಂದರೆ ಗದಗಿನಿಂದ ಕತ್ತಲಲ್ಲೇ ಹೊರಡಬೇಕು. ಹಿಂದಿನ ಕೆಂಪು ಲೈಟ್ ಇದೆಯಾ ನಿಮ್ಮ ಸೈಕಲ್ಲಿಗೆ? ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.