ಚಕ್ಕುಲಿ ಡಬ್ಬಿಯ ಮುಚ್ಚಳ

ಆಕೆಗೆ 29 ವರ್ಷ. ಮಗುವಿಗೆ ಒಂದು ವರ್ಷ ಎರಡು ತಿಂಗಳು. ಕೌನ್ಸೆಲಿಂಗ್‌ಗೆಂದು ನನ್ನ ಬಳಿ ಕರೆದುಕೊಂಡು ಬಂದವರು ಅತ್ತೆ. (ಬರೆಯಲು ಆಕೆಯ ಒಪ್ಪಿಗೆ ಇದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ತಿಂಡಿಯ ಹೆಸರನ್ನೂ ಸೇರಿಸಿ.)

ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಅತ್ತೆ ಶುರು ಮಾಡಿದರು. "ಮೇಡಂ, ಇವಳು ಸರಿಯಾಗಿ ಊಟಾನೇ ಮಾಡಲ್ಲ. ಆದ್ರೂ ಇಳೀತಾ ಇಲ್ಲ, ಏರ್ತಾನೇ ಇದ್ದಾಳೆ. ಏನೋ ಮನಸ್ಸಿಗೆ ಹಚ್ಕೊಂಡಿದ್ದಾಳೆ. ನೀವೇ ಸ್ವಲ್ಪ ಬುದ್ಧಿ ಹೇಳಿ."

ಸೊಸೆ ತುಟಿ ಬಿಚ್ಚಲಿಲ್ಲ. ವೇಲನ್ನು ಹೊಟ್ಟೆಯ ಮೇಲೆ ಹರಡಿಕೊಂಡು, ಅದು ಜಾರಿದಾಗಲೆಲ್ಲ ಎಳೆದುಕೊಳ್ಳುತ್ತಾ ಕೂತಿದ್ದಳು. ಅತ್ತೆಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದ ಮೇಲೂ ಹತ್ತು ನಿಮಿಷ ಅದೇ ಕೆಲಸ. ಆಮೇಲೆ ಹೇಳಿದಳು. "ಅತ್ತೆ ಹೇಳಿದ್ದು ಸುಳ್ಳು ಮೇಡಂ. ನಾನು ತಿಂತೀನಿ. ರಾತ್ರಿ."

ಬೆಳಿಗ್ಗೆ ಒಂದು ಇಡ್ಲಿ. ಮಧ್ಯಾಹ್ನ ಒಂದು ಚಪಾತಿ, ಸೌತೆಕಾಯಿ. ಸಂಜೆ ಬರೀ ಮಜ್ಜಿಗೆ. ರಾತ್ರಿ ಒಂದು ಗಂಟೆಗೆ ಮಗು ಎದ್ದು ಹಾಲು ಕುಡಿದು ಮಲಗಿದ ಮೇಲೆ ಅಡುಗೆಮನೆಗೆ ಹೋಗುತ್ತಾಳೆ. ಲೈಟ್ ಹಾಕುವುದಿಲ್ಲ. ಪಾತ್ರೆಯಲ್ಲಿ ಉಳಿದ ಅನ್ನ, ಬೆಲ್ಲ, ಕೈಗೆ ಸಿಕ್ಕಿದ್ದು. ಸ್ಟೀಲ್ ಡಬ್ಬಿ ತೆರೆದರೆ ಸದ್ದಾಗುತ್ತದಲ್ಲ, ಅದಕ್ಕೇ ಸಂಜೆಯೇ ಚಕ್ಕುಲಿ ಡಬ್ಬಿಯ ಮುಚ್ಚಳವನ್ನು ಸುಮ್ನೆ ಮೇಲೆ ಇಟ್ಟಿರುತ್ತಾಳೆ, ಒತ್ತುವುದಿಲ್ಲ. ಚಕ್ಕುಲಿ ಮೆತ್ತಗಾಗುತ್ತದೆ. "ಅತ್ತೆ ಎಣ್ಣೆ ಸರಿಯಿಲ್ಲ ಅಂತ ಅಂಗಡಿಯವನಿಗೆ ಬೈತಾರೆ ಮೇಡಂ" ಎಂದು ನಕ್ಕಳು. ನಗುತ್ತಲೇ ಅತ್ತಳು.

ಮದುವೆಯಲ್ಲಿ 54 ಕೆಜಿ, ಈಗ 71. ಮಧ್ಯೆ ನಡೆದದ್ದು ಹೊಸದೇನಲ್ಲ. ತವರಲ್ಲಿ ಬಾಣಂತನ. ಅಂಟಿನುಂಡೆ, ಕೊಬ್ಬರಿ, ಬಿಸಿ ಅನ್ನಕ್ಕೆ ಕಾಯಿಸಿದ ತುಪ್ಪ. ಬೇಡ ಅಂದರೆ "ಹಾಲು ಹೇಗೆ ಬರುತ್ತೆ?" ಅನ್ನುವ ಬೈಗುಳ. ಮೂರು ತಿಂಗಳು ಕಳೆದು ಗಂಡನ ಮನೆಗೆ ಬಂದರೆ ಹೊಸ್ತಿಲಲ್ಲೇ "ಏನೇ ಇದು, ಇಷ್ಟೊಂದು ಊದಿದ್ದೀಯ!" ನಾಮಕರಣದ ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಬಂದವರಿಗೆ ಚಿಕ್ಕತ್ತೆ, "ಇವಳಿಗೆ ಅರ್ಧ ಸಾಕಪ್ಪ" ಅಂದರಂತೆ. ಪಂಕ್ತಿಯೆಲ್ಲ ನಕ್ಕಿತು. ಆಕೆ ಆ ಅರ್ಧವನ್ನೂ ಮುಟ್ಟಲಿಲ್ಲ. ಏಳುವಾಗ ಅದೇ ಚಿಕ್ಕತ್ತೆ: "ಎಲೆ ಮೇಲೆ ಬಿಡಬಾರದು ಕಣೆ, ತಿನ್ನು."

"ಮೈಕೈ ತುಂಬಿಕೊಂಡಿದ್ದಾಳೆ" ಅನ್ನುವುದು ನನ್ನ ಅಜ್ಜಿಯ ಬಾಯಲ್ಲಿ ಹೊಗಳಿಕೆ. ತೆಳ್ಳಗಿದ್ದರೆ "ಸೊರಗಿದ್ದಾಳೆ, ಆ ಮನೇಲಿ ಊಟ ಹಾಕಲ್ವೇನೋ" ಅನ್ನುವ ಅನುಮಾನ. ಈಗ ಮನೆಗಳಲ್ಲಿ ಆ ಮಾತೂ ಇದೆ, ರೀಲ್ಸ್ ಕಲಿಸಿದ ಮಾತೂ ಇದೆ. ಎರಡೂ ಒಂದೇ ಬಾಯಿಂದ ಬರುತ್ತವೆ.

ಆಕೆಯ ಗಂಡ ಕೆಟ್ಟವನಲ್ಲ. ಹುಟ್ಟುಹಬ್ಬಕ್ಕೆ ತೂಕದ ಮಷೀನ್ ತಂದುಕೊಟ್ಟಿದ್ದ. ಪ್ರತಿ ಭಾನುವಾರ ತಲೆಸ್ನಾನ ಆದಮೇಲೆ ನಿಲ್ಲಿಸಿ, ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದ. ಜತೆಗೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ. 28 ದಾಟಿತ್ತು. ಭಾರತೀಯರಿಗೆ ವೈದ್ಯರು ಹಾಕಿರುವ ಗೆರೆ ಕೆಳಗೇ ಇದೆ: 23 ದಾಟಿದರೆ ಜಾಸ್ತಿ, 25ಕ್ಕೆ ಬೊಜ್ಜು. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ ಅನ್ನುವುದು ಕಾರಣ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಥೈರಾಯ್ಡ್, ಸಕ್ಕರೆ, ಬಿಪಿ ನೋಡಿಸಲು ಮೊದಲ ದಿನವೇ ಡಾಕ್ಟರ ಹತ್ತಿರ ಕಳಿಸಿದೆ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದುಂಟು. ಮೂರೂ ಸರಿಯಾಗಿದ್ದವು.

ಗಂಡನಿಗೆ ಒಂದು ಕಥೆ ಹೇಳಿದೆ. ಬಿಎಂಐ ಲೆಕ್ಕ ಬೆಲ್ಜಿಯಂನ ಕ್ವೆಟೆಲೆ ಎಂಬ ಗಣಿತಜ್ಞನದು, 1830ರ ದಶಕದ್ದು. ಅವನು ನೋಡುತ್ತಿದ್ದದ್ದು ಜನಸಮೂಹದ ಸರಾಸರಿಯನ್ನು. 1972ರಲ್ಲಿ ಅದಕ್ಕೆ ಈಗಿನ ಹೆಸರು ಕೊಟ್ಟದ್ದು ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್. ಇದೇ ಕೀಸ್ ಎರಡನೇ ಮಹಾಯುದ್ಧದ ಕೊನೆಗೆ ಮಿನೆಸೋಟದಲ್ಲಿ 36 ಗಟ್ಟಿಮುಟ್ಟಾದ ಹುಡುಗರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟು ನೋಡಿದ್ದ. ಅವರಿಗೆ ಹಗಲೂ ರಾತ್ರಿ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಓದಿದರು, ತಟ್ಟೆ ನೆಕ್ಕಿದರು. ಕೆಲವರು ಆಮೇಲೆ ಎಷ್ಟು ತಿಂದರೂ ಸಾಕೆನಿಸದೆ ತಿಂದರು. "ನಿಮ್ಮ ಮೊಬೈಲಿನಲ್ಲಿ ಆ ಮನುಷ್ಯನ ಒಂದು ಕೆಲಸ ಮಾತ್ರ ಇದೆ" ಎಂದೆ. ಅವನು ಹೆಂಡತಿಯ ಕಡೆ ನೋಡಿದ.

ಆಕೆಗೆ ಹೇಳಿದ್ದೂ ಅದನ್ನೇ. ರಾತ್ರಿ ತಿನ್ನುವುದು ಬಾಯಿಚಪಲವಲ್ಲ, ಹಗಲಿಡೀ ಕೂಡಿಟ್ಟ ಹಸಿವು. ಮಗುವಿಗೆ ಹಾಲೂಡಿಸುವ ಮೈ ಒಂದು ಇಡ್ಲಿಗೆ ಎಷ್ಟು ಹೊತ್ತು ಸುಮ್ಮನಿರುತ್ತದೆ? ಮೂರು ಹೊತ್ತು ತಟ್ಟೆ ಹಾಕಿಕೊಂಡು, ಎಲ್ಲರ ಜತೆ ಕೂತು, ಹೊಟ್ಟೆ ತುಂಬುವಷ್ಟು ಊಟ. ನಾಲ್ಕು ಗಂಟೆಗೆ ಕಾಫಿ ಜತೆ ಏನಾದರೂ ತಿಂಡಿ, ಹಾಲ್‌ನಲ್ಲಿ ಕೂತು. ರಾತ್ರಿ ಹಸಿವಾದರೆ ಲೈಟ್ ಹಾಕಿ ತಿನ್ನಬೇಕು. ಮಷೀನ್ ಮೂರು ತಿಂಗಳು ಅಟ್ಟಕ್ಕೆ. ವಾಕಿಂಗ್ ಹೋಗಲಿ, ಆದರೆ ಹೋಳಿಗೆಗೆ ದಂಡ ಕಟ್ಟಲು ಅಲ್ಲ, ಗೆಳತಿಯ ಜತೆ ಹರಟೆಗೆ.

"ದೇಹವನ್ನು ಪ್ರೀತಿಸಿ ಅಂತಾರೆ ಮೇಡಂ. ಅದೂ ನನ್ನ ಕೈಲಾಗಲ್ಲ." ಅದನ್ನೂ ಒಂದು ಪರೀಕ್ಷೆ ಮಾಡಿಕೊಂಡಿದ್ದಳು. ಪ್ರೀತಿ ಬೇಡ, ಕನ್ನಡಿ ಮುಂದೆ ಬೈಯುವುದನ್ನು ನಿಲ್ಲಿಸಿದರೆ ಸದ್ಯಕ್ಕೆ ಸಾಕು ಎಂದೆ. 54 ಕೆಜಿಯ ಬ್ಲೌಸುಗಳನ್ನು ಬೀರುವಿನಿಂದ ತೆಗೆದು, ಈಗಿನ ಅಳತೆಗೆ ನಾಲ್ಕು ಹೊಲಿಸಿಕೊಳ್ಳಲು ಹೇಳಿದೆ.

ವಾಂತಿ ಮಾಡಿಕೊಳ್ಳುತ್ತೀಯಾ, ಸಾಯಬೇಕು ಅನಿಸುತ್ತದಾ ಎಂದು ನೇರವಾಗಿ ಕೇಳಿದೆ. ಎರಡೂ ಇಲ್ಲ. ಇದ್ದಿದ್ದರೆ ತಡಮಾಡದೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಓದುತ್ತಿರುವ ಯಾರಿಗಾದರೂ ಹಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕಷ್ಟವಾದದ್ದು ಅತ್ತೆಗೆ ಹೇಳುವುದು. ಸೊಸೆಯ ತಟ್ಟೆಯ ಬಗ್ಗೆ "ಸಾಕು" ಅನ್ನುವುದೂ ಬೇಡ, "ಇನ್ನೊಂದು ಹಾಕ್ಕೋ" ಅನ್ನುವುದೂ ಬೇಡ ಎಂದೆ. "ಹಂಗಾದ್ರೆ ಊಟಕ್ಕೆ ಕೂತಾಗ ಮಾತಾಡೋದೇನು ಮೇಡಂ?" ಎಂದರು. ನಿಜವಾಗಿಯೂ ಗೊತ್ತಾಗದೆ ಕೇಳಿದ ಪ್ರಶ್ನೆ ಅದು. ನೆಂಟರ ಬಾಯಿಗೆ ಉತ್ತರ ಕೊಡುವ ಕೆಲಸವನ್ನು ಗಂಡನಿಗೆ ಒಪ್ಪಿಸಿದೆ.

ನಾಲ್ಕು ತಿಂಗಳಾಯಿತು. ರಾತ್ರಿ ಏಳುವುದು ವಾರಕ್ಕೆ ಒಂದೋ ಎರಡೋ ಸಲಕ್ಕೆ ಇಳಿದಿದೆ. ತೂಕ ಎಷ್ಟಾಗಿದೆ ಎಂದು ನಾನು ಕೇಳಿಲ್ಲ. ಚಿಕ್ಕತ್ತೆ ಬದಲಾಗಿಲ್ಲ.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಮಾತಿನ ಮಧ್ಯೆ, "ಈ ಸಲದ ಚಕ್ಕುಲಿ ಹದಿನೈದು ದಿನ ಆದ್ರೂ ಗರಿಗರಿ ಇದೆ ಮೇಡಂ. ಎಣ್ಣೆ ಬದಲಾಯಿಸಿದ್ದೇ ಒಳ್ಳೇದಾಯ್ತು" ಎಂದರು.

ಹೌದಮ್ಮ, ಎಣ್ಣೆ ಚೆನ್ನಾಗಿರಬೇಕು ಎಂದೆ.