ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯ ಮೀಡಿಯಾ ಸರ್ವರ್ ಹೊರಗಿನಿಂದ ತೆರೆಯದಿದ್ದಾಗ

ಪ್ರಶ್ನೆ: ಮನೆಯ ಹಳೆಯ ಡೆಸ್ಕ್‌ಟಾಪ್‌ಗೆ ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್ ತಂತ್ರಾಂಶ ಹಾಕಿ, ನಮ್ಮ ತಂದೆಯವರು ಕ್ಯಾಸೆಟ್‌ಗಳಲ್ಲಿ ಮುದ್ರಿಸಿಟ್ಟಿದ್ದ ತಾಳಮದ್ದಳೆಗಳನ್ನೂ ಮದುವೆ, ಉಪನಯನಗಳ ವಿಡಿಯೋಗಳನ್ನೂ ಅದರಲ್ಲಿ ಸೇರಿಸಿದ್ದೇನೆ. ಮನೆಯೊಳಗೆ ಟಿವಿಯಲ್ಲೂ ಫೋನುಗಳಲ್ಲೂ ಎಲ್ಲವೂ ಸರಿಯಾಗಿ ಬರುತ್ತದೆ. ಮ್ಯೂನಿಕ್‌ನಲ್ಲಿರುವ ಮಗಳಿಗೆ ಮಾತ್ರ ತೆರೆಯುವುದಿಲ್ಲ. ರೌಟರ್‌ನಲ್ಲಿ ಜೆಲ್ಲಿಫಿನ್ ಬಳಸುವ 8096ನೇ ಪೋರ್ಟನ್ನು ಫಾರ್ವರ್ಡ್ ಮಾಡಿದ್ದೇನೆ, ಅಂದರೆ ಆ ಸಂಖ್ಯೆಯ ಬಾಗಿಲಿಗೆ ಹೊರಗಿನಿಂದ ಬರುವುದನ್ನು ಸರ್ವರ್‌ಗೆ ಕಳುಹಿಸುವಂತೆ ಮಾಡಿದ್ದೇನೆ. ಆದರೂ ಪೋರ್ಟ್ ಪರೀಕ್ಷಿಸುವ ತಾಣಗಳು ಅದು ಮುಚ್ಚಿದೆ ಎಂದೇ ಹೇಳುತ್ತವೆ. ಸೇವಾದಾರರನ್ನು ಕೇಳಿದರೆ ‘ನಿಮ್ಮ ಲೈನ್ ಸರಿಯಾಗಿದೆ’ ಎನ್ನುತ್ತಾರೆ. ತಪ್ಪು ಎಲ್ಲಿದೆ?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಸರ್ವರ್ ಮನೆಯೊಳಗೆ ಸರಿಯಾಗಿ ನಡೆಯುತ್ತಿದೆ ಎಂದಮೇಲೆ ಜೆಲ್ಲಿಫಿನ್ನನ್ನು ಅಳಿಸಿ ಮತ್ತೆ ಹಾಕುವ ಕೆಲಸಕ್ಕೆ ಹೋಗಬೇಡಿ. ರೌಟರ್‌ನ ಸೆಟ್ಟಿಂಗ್‌ಗಳನ್ನೂ ಸದ್ಯಕ್ಕೆ ಮುಟ್ಟಬೇಡಿ. ಮೊದಲು ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ರೌಟರ್‌ನ ಆಡಳಿತ ಪುಟದಲ್ಲಿ ಸ್ಟೇಟಸ್ ಅಥವಾ ವ್ಯಾನ್ (WAN, ಹೊರಗಿನ ಸಂಪರ್ಕ) ಎಂಬ ವಿಭಾಗದಲ್ಲಿ ಕಾಣುವ ಐಪಿ ವಿಳಾಸ ಒಂದು. ಮನೆಯ ವೈಫೈನಲ್ಲಿದ್ದುಕೊಂಡು ‘ನನ್ನ ಐಪಿ ಯಾವುದು’ ಎಂದು ತಿಳಿಸುವ ಯಾವುದಾದರೂ ತಾಣದಲ್ಲಿ ಕಾಣುವ ಐಪಿವಿ4 (ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ) ವಿಳಾಸ ಇನ್ನೊಂದು. ಇವೆರಡೂ ಒಂದೇ ಆಗಿದ್ದರೆ ದೋಷ ಹೆಚ್ಚಾಗಿ ನಿಮ್ಮ ಮನೆಯೊಳಗಿದೆ, ಅದನ್ನು ನೀವೇ ಸರಿಪಡಿಸಬಹುದು. ಬೇರೆ ಬೇರೆಯಾಗಿದ್ದರೆ ಪೋರ್ಟ್ ಫಾರ್ವರ್ಡಿಂಗನ್ನು ಎಷ್ಟು ಸಲ ಹೊಸದಾಗಿ ಮಾಡಿದರೂ ಫಲವಿಲ್ಲ.

ನಿಮ್ಮ ವಿವರಣೆಯನ್ನು ನೋಡಿದರೆ ಅವು ಬೇರೆ ಬೇರೆಯಾಗಿಯೇ ಇರಬಹುದೆಂದು ತೋರುತ್ತದೆ. ಐಪಿವಿ4 ಪದ್ಧತಿಯಲ್ಲಿ ಇರುವ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಏಷ್ಯಾ ಮತ್ತು ಪೆಸಿಫಿಕ್ ವಲಯಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆಯ ಮುಕ್ತ ದಾಸ್ತಾನು 2011ರ ಏಪ್ರಿಲ್‌ನಲ್ಲಿಯೇ ತೀರಿಹೋಗಿ, ಅಂದಿನಿಂದ ಕೊನೆಯ ಒಂದು ಕಂತನ್ನು ಅಳೆದು ಸುರಿದು ಕೊಡಲಾಗುತ್ತಿದೆ. ಆದ್ದರಿಂದ ಅನೇಕ ಸೇವಾದಾರರು ಪ್ರತಿ ಮನೆಗೂ ಪ್ರತ್ಯೇಕ ಸಾರ್ವಜನಿಕ ವಿಳಾಸ ಕೊಡದೆ, ಒಂದೇ ವಿಳಾಸವನ್ನು ಹಲವು ಗ್ರಾಹಕರ ನಡುವೆ ಹಂಚುತ್ತಾರೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ಒಂದೇ ಬಾಗಿಲ ಸಂಖ್ಯೆಯಿರುವ ವಠಾರದಂತೆ ಇದು: ಒಳಗಿನವರು ಯಾರು ಬೇಕಾದರೂ ಹೊರಗೆ ಹೋಗಿಬರಬಹುದು, ಆದರೆ ಹೊರಗಿನಿಂದ ಬಂದವರು ಯಾವ ಮನೆಯವರನ್ನು ಕಾಣಲು ಬಂದಿದ್ದಾರೆಂಬುದು ಹೆಬ್ಬಾಗಿಲಿನಲ್ಲಿರುವವರಿಗೆ ತಿಳಿಯುವುದಿಲ್ಲ. ಆ ಹೆಬ್ಬಾಗಿಲು ಸೇವಾದಾರರ ಕೈಯಲ್ಲಿದೆ. ನೀವು ಪೋರ್ಟ್ ತೆರೆದಿರುವುದು ನಿಮ್ಮ ಮನೆಯ ಬಾಗಿಲಿನಲ್ಲಿ ಮಾತ್ರ. ‘ಲೈನ್ ಸರಿಯಾಗಿದೆ’ ಎಂಬ ಅವರ ಉತ್ತರವೂ ಸುಳ್ಳಲ್ಲ. ಒಳಗಿನಿಂದ ಹೊರಗೆ ಹೋಗುವ ಲೈನ್ ನಿಜವಾಗಿಯೂ ಸರಿಯಾಗಿದೆ.

ರೌಟರ್‌ನಲ್ಲಿ ಕಾಣುವ ವಿಳಾಸವು 100.64ರಿಂದ 100.127ರವರೆಗಿನ ಸಂಖ್ಯೆಗಳಿಂದ ಆರಂಭವಾದರೆ ಸಿಜಿನ್ಯಾಟ್ ಎಂಬುದರಲ್ಲಿ ಸಂಶಯವೇ ಬೇಡ, ಏಕೆಂದರೆ ಈ ಶ್ರೇಣಿಯನ್ನು 2012ರಲ್ಲಿ ಇದೇ ಉದ್ದೇಶಕ್ಕೆಂದು ಮೀಸಲಿಡಲಾಯಿತು. 10ರಿಂದ ಆರಂಭವಾಗುವ ವಿಳಾಸವಿದ್ದರೂ ಹೆಚ್ಚಾಗಿ ಅದೇ ಕಥೆ. 192.168 ಎಂದಿದ್ದರೆ ಮಾತ್ರ ಸ್ವಲ್ಪ ನಿಧಾನಿಸಿ: ಸೇವಾದಾರರು ಗೋಡೆಗೆ ಹಾಕಿಹೋದ ಫೈಬರ್ ಪೆಟ್ಟಿಗೆಯೇ ಒಂದು ರೌಟರ್ ಆಗಿದ್ದು, ನೀವು ಅಂಗಡಿಯಿಂದ ತಂದ ರೌಟರ್ ಅದರ ಹಿಂದೆ ಎರಡನೆಯದಾಗಿ ಕೆಲಸ ಮಾಡುತ್ತಿರಬಹುದು. ಆಗ ಮೊದಲ ಪೆಟ್ಟಿಗೆಯನ್ನು, ರೌಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಆಮೇಲೆ ಎರಡು ಸಂಖ್ಯೆಗಳನ್ನು ಮತ್ತೊಮ್ಮೆ ಹೋಲಿಸಿ ನೋಡಬೇಕು.

ಸಿಜಿನ್ಯಾಟ್ ಎಂದು ಖಚಿತವಾದರೆ ಮೂರು ದಾರಿಗಳಿವೆ. ಸೇವಾದಾರರಿಂದ ಹೆಚ್ಚುವರಿ ಶುಲ್ಕಕ್ಕೆ ಸ್ಥಿರ ಸಾರ್ವಜನಿಕ ವಿಳಾಸ ಪಡೆಯುವುದು ಮೊದಲನೆಯದು. ಕೇಳುವಾಗ ‘ಸ್ಟ್ಯಾಟಿಕ್ ಐಪಿ’ ಎಂದಷ್ಟೇ ಹೇಳದೆ ‘ಪಬ್ಲಿಕ್ ಸ್ಟ್ಯಾಟಿಕ್ ಐಪಿವಿ4’ ಎಂದು ಬಿಡಿಸಿ ಹೇಳಿ. ಎರಡನೆಯದು ಐಪಿವಿ6, ಅಂದರೆ ಹೊಸ ವಿಳಾಸ ಪದ್ಧತಿ. ಅಲ್ಲಿ ವಿಳಾಸದ ಅಭಾವವಿಲ್ಲ. ನಿಮ್ಮ ಸಂಪರ್ಕಕ್ಕೂ ಮಗಳ ಸಂಪರ್ಕಕ್ಕೂ ಐಪಿವಿ6 ಇದ್ದು, ಜೆಲ್ಲಿಫಿನ್‌ನ ನೆಟ್‌ವರ್ಕಿಂಗ್ ಪುಟದಲ್ಲಿ ಅದನ್ನು ಸಕ್ರಿಯಗೊಳಿಸಿ, ರೌಟರ್‌ನ ಫೈರ್‌ವಾಲ್‌ನಲ್ಲಿ ಆ ಕಂಪ್ಯೂಟರಿಗೆ ಮಾತ್ರ ಅನುಮತಿ ಕೊಟ್ಟರೆ ಸಂಪರ್ಕ ಸಾಧ್ಯ. ಆದರೆ ಮನೆ ರೌಟರ್‌ಗಳ ಐಪಿವಿ6 ಪುಟಗಳು ಅನೇಕ ವೇಳೆ ಅರೆಬರೆಯಾಗಿರುತ್ತವೆ. ಆದ್ದರಿಂದ ಇದನ್ನು ಮೊದಲ ಪ್ರಯತ್ನವಾಗಿ ಸೂಚಿಸಲು ನನಗೆ ಮನಸ್ಸಿಲ್ಲ.

ನಾನು ನಿಮಗೆ ಸೂಚಿಸುವುದು ಮೂರನೆಯದನ್ನು, ಅಂದರೆ ಟೇಲ್‌ಸ್ಕೇಲ್‌ನಂತಹ ಖಾಸಗಿ ಜಾಲವನ್ನು. ಇದು ವೈರ್‌ಗಾರ್ಡ್ ಎಂಬ ತಂತ್ರದ ಮೇಲೆ ನಿಂತಿದೆ, ವೈಯಕ್ತಿಕ ಬಳಕೆಗೆ ಉಚಿತವಾಗಿದೆ. ಸರ್ವರ್‌ನಲ್ಲೂ ಮಗಳ ಫೋನಿನಲ್ಲೂ ಹಾಕಿ ಇಬ್ಬರೂ ಒಂದೇ ಜಾಲಕ್ಕೆ ಸೇರಿದರೆ, ಎರಡೂ ಕಡೆಯಿಂದ ಸಂಪರ್ಕ ಒಳಗಿನಿಂದ ಹೊರಕ್ಕೇ ಹೊರಡುವುದರಿಂದ ಸಿಜಿನ್ಯಾಟ್ ಅಡ್ಡಬರುವುದಿಲ್ಲ, ರೌಟರ್‌ನಲ್ಲಿ ಯಾವ ಪೋರ್ಟನ್ನೂ ತೆರೆಯಬೇಕಾಗಿಲ್ಲ. ಸರ್ವರ್‌ಗೆ ಸಿಗುವ ಹೊಸ ವಿಳಾಸದ ಕೊನೆಗೆ :8096 ಸೇರಿಸಿ ಮಗಳು ತೆರೆದರಾಯಿತು. ಆ ಹೊಸ ವಿಳಾಸವೂ 100ರಿಂದಲೇ ಆರಂಭವಾಗುತ್ತದೆ. ಅದನ್ನು ರೌಟರ್‌ನ ವಿಳಾಸವೆಂದು ಭ್ರಮಿಸಬೇಡಿ. ಎರಡು ಎಚ್ಚರಿಕೆಗಳಿವೆ. ಟೇಲ್‌ಸ್ಕೇಲ್‌ನಲ್ಲಿ ಒಂದು ಸಾಧನದ ಕೀಲಿಯ (ಜಾಲಕ್ಕೆ ಸೇರಲು ಸಿಕ್ಕ ಅನುಮತಿಯ) ಅವಧಿ ಸಾಮಾನ್ಯವಾಗಿ 180 ದಿನಗಳಿಗೆ ಮುಗಿಯುತ್ತದೆ. ಎಲ್ಲವೂ ಚೆನ್ನಾಗಿ ನಡೆಯುತ್ತಿದ್ದು ಆರು ತಿಂಗಳ ಬಳಿಕ ಒಮ್ಮೆಲೇ ನಿಂತರೆ ಕಾರಣ ಇದೇ ಆಗಿರುತ್ತದೆಯಾದ್ದರಿಂದ, ಆಡಳಿತ ಪುಟದಲ್ಲಿ ಸರ್ವರ್ ಒಂದಕ್ಕೆ ಈ ಅವಧಿಯನ್ನು ಈಗಲೇ ರದ್ದುಪಡಿಸಿ. ಇನ್ನೊಂದು, ಮಗಳು ಟಿವಿಯಲ್ಲಿ ನೋಡಬೇಕೆಂದರೆ ಅದು ಆಂಡ್ರಾಯ್ಡ್ ಟಿವಿಯೋ ಆಪಲ್ ಟಿವಿ ಪೆಟ್ಟಿಗೆಯೋ ಆಗಿದ್ದರೆ ಟೇಲ್‌ಸ್ಕೇಲ್ ಸುಲಭವಾಗಿ ಸಿಗುತ್ತದೆ. ಬೇರೆ ಸ್ಮಾರ್ಟ್ ಟಿವಿಯಾದರೆ ಒಂದು ಆಂಡ್ರಾಯ್ಡ್ ಸ್ಟಿಕ್ ಸೇರಿಸುವುದು ಲೇಸು.

ಒಂದು ವೇಳೆ ಆ ಎರಡು ಸಂಖ್ಯೆಗಳು ಒಂದೇ ಆಗಿದ್ದರೆ, ಜೆಲ್ಲಿಫಿನ್‌ನ ನೆಟ್‌ವರ್ಕಿಂಗ್ ಪುಟದಲ್ಲಿ ಹೊರಗಿನ ಸಂಪರ್ಕಕ್ಕೆ ಅನುಮತಿ ಇದೆಯೇ ಎಂಬುದನ್ನೂ, ವಿಂಡೋಸ್ ನಿಮ್ಮ ಮನೆಯ ಜಾಲವನ್ನು ಪಬ್ಲಿಕ್ ಎಂದು ಗುರುತಿಸಿ ಫೈರ್‌ವಾಲ್‌ನಲ್ಲಿ ತಡೆಯುತ್ತಿದೆಯೇ ಎಂಬುದನ್ನೂ ನೋಡಿ. ಪರೀಕ್ಷೆಯನ್ನು ಮಾತ್ರ ಮನೆಯ ವೈಫೈನಲ್ಲಿ ಮಾಡಬೇಡಿ. ಒಳಗಿನಿಂದ ಸ್ವಂತ ಸಾರ್ವಜನಿಕ ವಿಳಾಸಕ್ಕೆ ಹೋಗಿ ಮರಳುವುದನ್ನು ಕೆಲವು ರೌಟರ್‌ಗಳು ಒಪ್ಪುವುದಿಲ್ಲ. ಆಗ ಸರಿಯಿರುವುದೂ ಕೆಟ್ಟಂತೆ ಕಾಣುತ್ತದೆ. ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಪರೀಕ್ಷಿಸಿ.

ಪ್ರಶ್ನೆ: ನಮ್ಮಲ್ಲಿ ಹೊರಗಿನಿಂದ ಸಂಪರ್ಕ ಸಿಗುತ್ತದೆ, ಆದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ನಿಂತುಹೋಗುತ್ತದೆ. ಊರಿಗೆ ಬಂದು ಏನನ್ನೋ ಒತ್ತಿದರೆ ಸರಿಯಾಗುತ್ತದೆ. ಶಾಶ್ವತ ಪರಿಹಾರವಿದೆಯೇ?
— ಓದುಗರು, ಮಂಗಳೂರು

ಉತ್ತರ: ಕರೆಂಟ್ ಹೋಗಿ ಬಂದಾಗ ಒಂದಲ್ಲ, ನಾಲ್ಕು ಸಂಗತಿಗಳು ಬದಲಾಗಬಹುದು. ಹಾಗಾಗಿ ಮುಂದಿನ ಸಲ ಏನನ್ನೂ ಒತ್ತುವ ಮೊದಲು ಯಾವುದು ಬದಲಾಗಿದೆಯೆಂದು ನೋಡಿಕೊಳ್ಳಿ.

ಕಂಪ್ಯೂಟರ್ ತಾನಾಗಿ ಆನ್ ಆಗದೆ ಇರುವುದು ಎಲ್ಲಕ್ಕಿಂತ ಸಾಮಾನ್ಯ. ಬಯೋಸ್‌ನಲ್ಲಿ (ಕಂಪ್ಯೂಟರ್ ಆರಂಭವಾಗುವಾಗಿನ ಮೂಲ ಸೆಟ್ಟಿಂಗ್ ಪುಟದಲ್ಲಿ) ವಿದ್ಯುತ್ ಮರಳಿದಾಗ ಆನ್ ಆಗಬೇಕೆಂಬ ಆಯ್ಕೆಯಿದ್ದರೆ ಅದನ್ನು ಹಾಕಿ. ವಿಂಡೋಸ್‌ನಲ್ಲಿ ಪ್ಲೆಕ್ಸ್ ಎಂಬ ಇನ್ನೊಂದು ಮೀಡಿಯಾ ಸರ್ವರ್ ಬಳಸುತ್ತಿದ್ದರೆ, ಯಾರಾದರೂ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವವರೆಗೆ ಅದು ಆರಂಭವಾಗುವುದಿಲ್ಲ ಎಂಬುದೂ ನೆನಪಿನಲ್ಲಿರಲಿ. ಎರಡನೆಯದಾಗಿ, ರೌಟರ್ ಹೊಸದಾಗಿ ಎದ್ದು ವಿಳಾಸಗಳನ್ನು ಹಂಚುವಾಗ ನಿನ್ನೆ 192.168.1.10 ಆಗಿದ್ದ ಸರ್ವರ್ ಇಂದು 192.168.1.14 ಆಗಿರಬಹುದು, ಪೋರ್ಟ್ ಫಾರ್ವರ್ಡಿಂಗ್ ಇನ್ನೂ ಹಳೆಯ ವಿಳಾಸಕ್ಕೇ ಕಳುಹಿಸುತ್ತಿರುತ್ತದೆ, ಅಲ್ಲೀಗ ಬಹುಶಃ ಯಾರದೋ ಫೋನ್ ಇದೆ. ರೌಟರ್‌ನ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಸರ್ವರ್‌ನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಜಾಲ ಗುರುತಿಗೆ) ಒಂದು ಸಂಖ್ಯೆಯನ್ನು ಕಾಯ್ದಿರಿಸಿದರೆ ಈ ತೊಂದರೆ ಮುಗಿಯಿತು. ಮೂರನೆಯದಾಗಿ, ಸ್ಥಿರ ಐಪಿ ಕೊಂಡಿರದಿದ್ದರೆ ನಿಮ್ಮ ಸಾರ್ವಜನಿಕ ವಿಳಾಸವೂ ಬದಲಾಗಿರಬಹುದು. ಡಕ್‌ಡಿಎನ್‌ಎಸ್‌ನಂತಹ ಉಚಿತ ಸೇವೆಯಲ್ಲಿ, ಬದಲಾಗುವ ವಿಳಾಸದ ಬದಲು ಬಳಸಲು ಒಂದು ಹೆಸರು ಪಡೆದು, ವಿಳಾಸ ಬದಲಾದಾಗ ಅಲ್ಲಿಗೆ ತಿಳಿಸುವ ಕೆಲಸವನ್ನು ಸರ್ವರ್‌ಗೇ ವಹಿಸಿ. ನಾಲ್ಕನೆಯದು, ಸರ್ವರ್ ಎದ್ದಿದ್ದರೂ ಯುಎಸ್‌ಬಿ ಡಿಸ್ಕ್ ಜೋಡಣೆಯಾಗದೆ ಉಳಿದಿದ್ದರೆ ಸಂಪರ್ಕ ಸಿಗುತ್ತದೆ, ಆದರೆ ಕಡತಗಳು ತೆರೆಯುವುದಿಲ್ಲ. ಅಂತಹ ವೇಳೆ ಲೈಬ್ರರಿಯನ್ನು ಮತ್ತೆ ಸ್ಕ್ಯಾನ್ ಮಾಡಲು ಆತುರಪಡಬೇಡಿ, ಮೊದಲು ಡಿಸ್ಕ್ ಕಾಣಿಸುವಂತೆ ಮಾಡಿ.

ಫೈಬರ್ ಪೆಟ್ಟಿಗೆ ಮತ್ತು ರೌಟರ್‌ಗೆಂದೇ 12 ವೋಲ್ಟ್‌ನ ಚಿಕ್ಕ ಯುಪಿಎಸ್‌ಗಳು ಸಿಗುತ್ತವೆ. ಕರಾವಳಿಯ ಮಳೆಗಾಲಕ್ಕೆ ಅದು ದುಂದುವೆಚ್ಚವೇನಲ್ಲ.

ಪ್ರಶ್ನೆ: ರಾಸ್ಪ್‌ಬೆರಿ ಪೈ 5 ಎಂಬ ಚಿಕ್ಕ ಕಂಪ್ಯೂಟರಿನಲ್ಲಿ ಜೆಲ್ಲಿಫಿನ್ ಇದೆ. ಪ್ರವಾಸದಲ್ಲಿದ್ದಾಗ ಸಂಪರ್ಕ ಸಿಗುತ್ತದೆ, ಪೋಸ್ಟರ್‌ಗಳೆಲ್ಲ ಕಾಣಿಸುತ್ತವೆ, ಆದರೆ ಚಿತ್ರ ಮುಂದುವರಿಯದೆ ಸುತ್ತುತ್ತಲೇ ಇರುತ್ತದೆ. ಮನೆಯ ಇಂಟರ್‌ನೆಟ್ 100 ಎಂಬಿಪಿಎಸ್.
— ಓದುಗರು, ಮೈಸೂರು

ಉತ್ತರ: ಪೋಸ್ಟರ್ ಕಾಣಿಸುತ್ತದೆ ಎಂದರೆ ದಾರಿ ತೆರೆದಿದೆ, ಸಮಸ್ಯೆ ದಾರಿಯ ಅಗಲದ್ದು ಅಥವಾ ಯಂತ್ರದ ಶಕ್ತಿಯದ್ದು. ನೀವು ಹೇಳುವ 100 ಡೌನ್‌ಲೋಡ್ ವೇಗ ಇರಬಹುದು. ಹೊರಗೆ ಕುಳಿತು ನೋಡುವಾಗ ಲೆಕ್ಕಕ್ಕೆ ಬರುವುದು ಮನೆಯ ಅಪ್‌ಲೋಡ್ ವೇಗ, ಮತ್ತು ಕೇಬಲ್ ಸಂಪರ್ಕಗಳಲ್ಲಿ ಅದು ತೀರ ಕಡಿಮೆಯಿರುವುದುಂಟು. ಡಿಸ್ಕ್‌ನಿಂದ ಯಥಾವತ್ತಾಗಿ ತೆಗೆದ 4ಕೆ ಕಡತವೊಂದು ಸೆಕೆಂಡಿಗೆ 50ರಿಂದ 80 ಮೆಗಾಬಿಟ್ ಕೇಳುತ್ತದೆ. ಹೋಟೆಲಿನ ವೈಫೈ ಅದನ್ನು ತಾಳುವುದು ಅಪರೂಪ.

ಅಷ್ಟು ಅಗಲ ಇಲ್ಲದಿದ್ದಾಗ ಅಥವಾ ನೋಡುವ ಸಾಧನಕ್ಕೆ ಕಡತದ ರೂಪ ಹಿಡಿಸದಿದ್ದಾಗ ಜೆಲ್ಲಿಫಿನ್ ಕಡತವನ್ನು ಆ ಕ್ಷಣದಲ್ಲೇ ಚಿಕ್ಕದಾಗಿ ಮಾರ್ಪಡಿಸಿ ಕಳುಹಿಸಲು ಯತ್ನಿಸುತ್ತದೆ. ಪೈ 5 ಸೋಲುವುದು ಇಲ್ಲಿಯೇ. ಹಿಂದಿನ ಪೈ 4ರಲ್ಲಿದ್ದ ವಿಡಿಯೋವನ್ನು ಎಚ್.264 ಎಂಬ ರೂಪಕ್ಕೆ ಮಾರ್ಪಡಿಸುವ ಯಂತ್ರಾಂಶ ಇದರಲ್ಲಿಲ್ಲವಾದ್ದರಿಂದ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಚಿತ್ರ ಓಡುತ್ತಿರುವಾಗ ಡ್ಯಾಶ್‌ಬೋರ್ಡ್ ತೆರೆದರೆ ಡೈರೆಕ್ಟ್ ಪ್ಲೇ (ಇದ್ದಂತೆಯೇ ಕಳುಹಿಸುವುದು) ಆಗುತ್ತಿದೆಯೋ ಟ್ರಾನ್ಸ್‌ಕೋಡ್ (ಮಾರ್ಪಡಿಸಿ ಕಳುಹಿಸುವುದು) ಆಗುತ್ತಿದೆಯೋ, ಯಾವ ಕಾರಣಕ್ಕೆ ಎಂಬುದೆಲ್ಲ ಬರೆದಿರುತ್ತದೆ. ಕೆಲವೊಮ್ಮೆ ಕಾರಣ ಉಪಶೀರ್ಷಿಕೆಯೇ ಆಗಿರುತ್ತದೆ: ಬ್ಲೂರೇಯಿಂದ ಬಂದ ಪಿಜಿಎಸ್ ಉಪಶೀರ್ಷಿಕೆಗಳು ಚಿತ್ರರೂಪದಲ್ಲಿರುವುದರಿಂದ ಅನೇಕ ಸಾಧನಗಳಿಗಾಗಿ ಅವನ್ನು ದೃಶ್ಯದ ಮೇಲೆ ಮುದ್ರಿಸಿಯೇ ಕಳುಹಿಸಬೇಕಾಗುತ್ತದೆ. ಅವನ್ನು ಆಫ್ ಮಾಡಿ ನೋಡಿ, ಅಥವಾ ಪಠ್ಯರೂಪದ ಎಸ್‌ಆರ್‌ಟಿ ಕಡತ ಬಳಸಿ. ಪ್ರವಾಸದಲ್ಲಿ ನೋಡಬೇಕಾದವುಗಳನ್ನು ಮನೆಯ ಬೇರೊಂದು ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಮಾರ್ಪಡಿಸುವ ತಂತ್ರಾಂಶ ಬಳಸಿ 1080ಪಿ ಎಚ್.264ಗೆ, 6 ಎಂಬಿಪಿಎಸ್ ಆಸುಪಾಸಿಗೆ ಮೊದಲೇ ಇಳಿಸಿಟ್ಟುಕೊಂಡರೆ ನಿಮ್ಮ ಪೈ ಆರಾಮವಾಗಿ ನಿಭಾಯಿಸುತ್ತದೆ. ಹೊಸ ಯಂತ್ರವನ್ನೇ ಕೊಳ್ಳುವುದಾದರೆ ಕ್ವಿಕ್ ಸಿಂಕ್ (ವಿಡಿಯೋ ಮಾರ್ಪಡಿಸುವ ಯಂತ್ರಾಂಶ) ಇರುವ ಇಂಟೆಲ್‌ನ ಸಣ್ಣ ಪೆಟ್ಟಿಗೆ ಸಾಕು, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಡ.

ಟೇಲ್‌ಸ್ಕೇಲ್ ಮೂಲಕ ನೋಡುತ್ತಿದ್ದರೆ ಅದರ ಸ್ಟೇಟಸ್‌ನಲ್ಲಿ ‘ಡೈರೆಕ್ಟ್’ ಎಂದಿದೆಯೋ ‘ರಿಲೇ’ ಎಂದಿದೆಯೋ ಗಮನಿಸಿ. ನೇರ ಸಂಪರ್ಕ ಕೂಡಿಬರದಿದ್ದಾಗ ಮಾಹಿತಿ ಅವರ ರಿಲೇ ಕೇಂದ್ರಗಳ ಮೂಲಕ ಹಾದುಹೋಗುತ್ತದೆ. ಅಂತಹದೊಂದು ಬೆಂಗಳೂರಿನಲ್ಲಿಯೂ ಇದೆ. ಆದರೂ ಅವು ವಿಡಿಯೋ ಸಾಗಿಸಲೆಂದು ಇರುವಂತಹವಲ್ಲ.

ಪ್ರಶ್ನೆ: ಹಿಂದೆ ಪ್ಲೆಕ್ಸ್‌ನಲ್ಲಿ ಹೊರಗಿನಿಂದ ಉಚಿತವಾಗಿ ನೋಡುತ್ತಿದ್ದೆ, ಈಗ ಹಣ ಕೇಳುತ್ತಿದೆ. ಜೆಲ್ಲಿಫಿನ್‌ಗೆ ಬದಲಾಗಿ ಪೋರ್ಟ್ ತೆರೆದಿಟ್ಟರೆ ಅಪಾಯವೇ?
— ಓದುಗರು, ಬೆಂಗಳೂರು

ಉತ್ತರ: 2025ರ ಏಪ್ರಿಲ್ 29ರಿಂದ ಪ್ಲೆಕ್ಸ್‌ನಲ್ಲಿ ನಿಮ್ಮದೇ ವಿಡಿಯೋಗಳನ್ನು ಹೊರಗಿನಿಂದ ನೋಡಲು ಸರ್ವರ್ ಮಾಲೀಕರ ಬಳಿ ಪ್ಲೆಕ್ಸ್ ಪಾಸ್ ಎಂಬ ಪಾವತಿ ಸದಸ್ಯತ್ವ ಇರಬೇಕು, ಇಲ್ಲವೇ ನೋಡುವವರು ಚಂದಾ ಕಟ್ಟಬೇಕು. ಮನೆಯೊಳಗಿನ ಬಳಕೆ ಮೊದಲಿನಂತೆಯೇ ಇದೆ. ನಿಮ್ಮ ಸೆಟ್ಟಿಂಗ್‌ನಲ್ಲಿ ದೋಷವೇನಿಲ್ಲ. ಜೆಲ್ಲಿಫಿನ್‌ಗೆ ಶುಲ್ಕವಿಲ್ಲ, ಹೊರಗಿನ ದಾರಿಯ ಹೊಣೆಯೂ ಪೂರ್ತಿ ನಿಮ್ಮದೇ.

8096ನ್ನು ಹಾಗೆಯೇ ತೆರೆದಿಡಬೇಡಿ. ಅದು ಸಾದಾ ಎಚ್‌ಟಿಟಿಪಿ ಪೋರ್ಟ್. ನೀವು ಹೊರಗಿನಿಂದ ಕೊಡುವ ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ ಸಾಗುತ್ತದೆ. ತೆರೆಯಲೇಬೇಕೆಂದರೆ ಮುಂದೆ ಕ್ಯಾಡಿಯಂತಹ ರಿವರ್ಸ್ ಪ್ರಾಕ್ಸಿ (ಹೊರಗಿನ ಕೋರಿಕೆಯನ್ನು ಪಡೆದು ಸರ್ವರ್‌ಗೆ ದಾಟಿಸುವ ತಂತ್ರಾಂಶ) ಇಟ್ಟು, ಗೂಢಲಿಪಿಯ ಸಂಪರ್ಕಕ್ಕೆ ಬಳಸುವ 443ನೇ ಪೋರ್ಟನ್ನು ಮಾತ್ರ ತೆರೆಯಿರಿ, ಅದು ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಗೂಢಲಿಪಿಗೆ ಬೇಕಾದ ಪ್ರಮಾಣಪತ್ರವನ್ನು ತಾನೇ ಪಡೆದು ನವೀಕರಿಸುತ್ತದೆ. ಸರ್ವರ್‌ನ ಸಾಫ್ಟ್‌ವೇರನ್ನು ನವೀಕರಿಸುತ್ತಿರುವುದು ಅದಕ್ಕಿಂತಲೂ ಮುಖ್ಯ. ಪಾಸ್‌ವರ್ಡ್ ಕಾಯುವ ಲಾಸ್ಟ್‌ಪಾಸ್ ಕಂಪನಿಯಲ್ಲಿ 2022ರಲ್ಲಿ ನಡೆದ ದೊಡ್ಡ ಕಳವಿನಲ್ಲಿ, ಎಂಜಿನಿಯರೊಬ್ಬರ ಮನೆಯ ಕಂಪ್ಯೂಟರಿನೊಳಗೆ ಕಳ್ಳರು ಪ್ರವೇಶಿಸಿದ್ದು ಅಲ್ಲಿದ್ದ ಪ್ಲೆಕ್ಸ್‌ನ ಹಳೆಯ ಆವೃತ್ತಿಯ ಮೂಲಕ. ಆ ದೋಷಕ್ಕೆ ಪರಿಹಾರ 2020ರ ಮೇ ತಿಂಗಳಿನಲ್ಲಿಯೇ ಬಿಡುಗಡೆಯಾಗಿತ್ತು. ನೋಡುವವರು ಮನೆಯ ನಾಲ್ಕೈದು ಮಂದಿಯಷ್ಟೇ ಆಗಿದ್ದರೆ ಪೋರ್ಟ್ ತೆರೆಯುವ ಗೋಜೇ ಬೇಡ. ಶಿರಸಿಯ ಓದುಗರಿಗೆ ಹೇಳಿದ ಖಾಸಗಿ ಜಾಲವೇ ನಿಮಗೂ ಸಾಕು.