ವಿಡಿಯೋ ಮುಗಿದ ಮೇಲೆ ಮಕ್ಕಳು ಯಾಕೆ ಸುಮ್ಮನೆ ಕೂರುತ್ತಾರೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ದಾನಿಗಳೊಬ್ಬರು ನಮ್ಮ ಶಾಲೆಗೆ ಸ್ಮಾರ್ಟ್ ಟಿವಿ ಕೊಡಿಸಿದ್ದಾರೆ. ಹತ್ತನೇ ತರಗತಿಗೆ ವಿದ್ಯುತ್ತಿನ ಪಾಠದ ವಿಡಿಯೋ ಹಾಕಿದರೆ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಮುಗಿದ ಮೇಲೆ ಪ್ರಶ್ನೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಇದಕ್ಕಿಂತ ಬೋರ್ಡೇ ವಾಸಿ ಅಲ್ವಾ?

ಉತ್ತರ: ಬೋರ್ಡೂ ಇರಲಿ, ಟಿವಿಯೂ ಇರಲಿ ಮೇಡಂ. ನೀವು ಪ್ರಶ್ನೆ ಕೇಳುವ ಹೊತ್ತನ್ನು ಮಾತ್ರ ಬದಲಾಯಿಸಿ ನೋಡಿ. ವಿಡಿಯೋದಲ್ಲಿ ಪ್ರಶ್ನೆ ಕೇಳುವವರೂ ಅವರೇ, ಉತ್ತರ ಹೇಳುವವರೂ ಅವರೇ. ಮಗುವಿಗೆ ಯೋಚನೆ ಮಾಡೋಕೆ ಏನೂ ಉಳಿಯುವುದಿಲ್ಲ. ನೋಡುವಾಗ ಎಲ್ಲ ಅರ್ಥವಾದ ಹಾಗೇ ಅನಿಸುತ್ತದೆ. ಅದಕ್ಕೇ ನಾನು ಶಿಕ್ಷಕರಿಗೆ ಪದೇ ಪದೇ ಹೇಳುವುದು: ಪರದೆಯಲ್ಲಿ ಏನಾಗುತ್ತದೆ ಅಂತ ಮಕ್ಕಳು ಮೊದಲು ಊಹಿಸಿ ಬರೆಯಲಿ, ಆಮೇಲೆ ತೋರಿಸಿ.

ನಿಮ್ಮ ಪಾಠವನ್ನೇ ತಗೊಳ್ಳಿ. ಫೆಟ್ (PhET) ಅಂತ, ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಉಚಿತ ಸಿಮ್ಯುಲೇಶನ್‌ಗಳಿವೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೈಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೇ ಸಿಗುತ್ತವೆ. ಅದರಲ್ಲಿ ವಿದ್ಯುತ್ ಮಂಡಲ ಕಟ್ಟುವ ಕಿಟ್ ಒಂದಿದೆ. ಬ್ಯಾಟರಿ, ಬಲ್ಬು, ವೈರು, ಸ್ವಿಚ್ಚು ಎಲ್ಲವನ್ನೂ ಬೆರಳಲ್ಲೋ ಮೌಸ್‌ನಲ್ಲೋ ಎಳೆದು ಜೋಡಿಸಬಹುದು.

ಮೊದಲು ಒಂದು ಬ್ಯಾಟರಿಗೆ ಒಂದು ಬಲ್ಬು ಜೋಡಿಸಿ, ಬಲ್ಬು ಉರಿಯುವುದನ್ನು ತೋರಿಸಿ. ಆಮೇಲೆ ಸ್ವಿಚ್ ಆಫ್ ಮಾಡಿ, ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ನಂತರ ಒಂದು ಬರುವ ಹಾಗೆ, ಇನ್ನೊಂದು ಬಲ್ಬು ಸೇರಿಸಿ. ಆನ್ ಮಾಡುವ ಮೊದಲು ಕೇಳಿ: 'ಯಾವ ಬಲ್ಬು ಜಾಸ್ತಿ ಬೆಳಗುತ್ತೆ? ಬ್ಯಾಟರಿಯ ಪ್ಲಸ್ ಕಡೆ ಇರುವುದಾ, ಮೈನಸ್ ಕಡೆ ಇರುವುದಾ, ಎರಡೂ ಒಂದೇ ಸಮನಾ?' ಎಲ್ಲರೂ ನೋಟ್‌ಬುಕ್‌ನಲ್ಲಿ ಬರೆಯಲಿ. ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಲಿ. ಬರೆಯುವುದು ಮುಖ್ಯ. ಸುಮ್ನೆ ಬಾಯಲ್ಲಿ ಕೇಳಿದರೆ ಮೊದಲ ಬೆಂಚಿನ ಇಬ್ಬರು ಹೇಳುತ್ತಾರೆ, ಉಳಿದವರು ಹೂಂ ಅನ್ನುತ್ತಾರೆ.

ತುಂಬಾ ಮಕ್ಕಳು ಮೊದಲು ಸಿಗುವ ಬಲ್ಬೇ ಜಾಸ್ತಿ ಬೆಳಗುತ್ತದೆ ಅಂತ ಬರೆಯುತ್ತಾರೆ. ಮೊದಲನೇ ಬಲ್ಬು ಒಂದಷ್ಟು ಕರೆಂಟು ತಿಂದು, ಮಿಕ್ಕಿದ್ದನ್ನು ಮುಂದಕ್ಕೆ ಬಿಡುತ್ತದೆ ಅನ್ನುವುದು ಅವರ ಲೆಕ್ಕ. ಓಮ್‌ನ ನಿಯಮ ಬಾಯಿಪಾಠ ಇದ್ದವರಲ್ಲೂ ಈ ನಂಬಿಕೆ ಇರುತ್ತದೆ. ಈಗ ಸ್ವಿಚ್ ಆನ್ ಮಾಡಿ. ಎರಡೂ ಒಂದೇ ಸಮ, ಆದರೆ ಮೊದಲಿಗಿಂತ ಮಂದ. ಒಬ್ಬ ಹುಡುಗಿಯನ್ನು ಮುಂದೆ ಕರೆದು, ಕರೆಂಟು ಅಳೆಯುವ ಅಮ್ಮೀಟರನ್ನು ಬಲ್ಬಿನ ಹಿಂದೆ, ಮುಂದೆ ಇಡಲು ಹೇಳಿ. ಬ್ಯಾಟರಿ 9 ವೋಲ್ಟ್, ಪ್ರತಿ ಬಲ್ಬಿನ ರೋಧ 10 ಓಮ್ ಇದ್ದರೆ ಎಲ್ಲಿಟ್ಟರೂ 0.45 ಆಂಪಿಯರೇ ತೋರಿಸುತ್ತದೆ. ಒಂದೇ ಬಲ್ಬು ಇದ್ದಾಗ 0.90 ಇತ್ತು. ತಮ್ಮ ಊಹೆ ತಪ್ಪಾಯಿತಲ್ಲ, ಆ ಗಳಿಗೆಯಲ್ಲಿ ಮಕ್ಕಳ ಕಿವಿ ಪೂರ್ತಿ ತೆರೆದಿರುತ್ತದೆ. ನೀವು ವಿವರಿಸಬೇಕಾದದ್ದು ಆಗ.

ನಂತರ ಟಾರ್ಚ್ ಸೆಲ್ಲು, ಸಣ್ಣ ಬಲ್ಬು ತಂದು ಇದನ್ನೇ ಕೈಯಲ್ಲಿ ಮಾಡಿಸಿ. ಇದನ್ನು ಬಿಡಲೇಬೇಡಿ. ನಿಜವಾದ ಬಲ್ಬುಗಳು ಒಂದಕ್ಕೊಂದು ಪೂರ್ತಿ ಸಮ ಇರುವುದಿಲ್ಲ, ಬೆಳಕಿನಲ್ಲಿ ಸ್ವಲ್ಪ ವ್ಯತ್ಯಾಸ ಬರಬಹುದು. ಹಾಗೆ ಬಂದರೆ ಬಲ್ಬುಗಳ ಜಾಗ ಅದಲು ಬದಲು ಮಾಡಿಸಿ. ವ್ಯತ್ಯಾಸ ಬಲ್ಬಿನ ಜೊತೆಗೇ ಹೋಗುತ್ತದೆ, ಜಾಗದಲ್ಲಿ ಉಳಿಯುವುದಿಲ್ಲ. ಪರದೆ ಕಲಿಸಲಾರದ ವಿಜ್ಞಾನ ಇದು.

ನೆಟ್ ಇಲ್ಲದಿದ್ದರೂ ನಡೆಯುತ್ತದೆ. ನೆಟ್ ಇರುವ ಕಡೆ ಸಿಮ್ಯುಲೇಶನ್ ಫೈಲನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಶಾಲೆಯ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ತೆರೆದು ಟಿವಿಗೆ ಕೇಬಲ್ ಜೋಡಿಸಿದರೆ ಸಾಕು. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ, ಸರ್ಕಾರದ ಕಲಿಕಾ ವೇದಿಕೆ ದೀಕ್ಷಾದ ವಿಡಿಯೋಗಳನ್ನೂ ಅದರ ಆ್ಯಪ್‌ನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳಿ. ಹಾಕುವಾಗ ಪೂರ್ತಿ ಹಾಕಬೇಡಿ. ಎರಡು ಮೂರು ನಿಮಿಷಕ್ಕೆ ನಿಲ್ಲಿಸಿ, ಮುಂದೆ ಏನಾಗಬಹುದು ಅಂತ ಕೇಳಿ.

ಪ್ರಶ್ನೆ: ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲ. ಇದ್ದರೂ ಅದು ಅಪ್ಪನ ಜೇಬಿನಲ್ಲಿ. ಶಾಲೆಯಲ್ಲಿರುವುದು ನನ್ನ ಫೋನ್ ಮಾತ್ರ. ಎಲ್ಲ ಮಕ್ಕಳೂ ಪಾಲ್ಗೊಳ್ಳುವ ಹಾಗೆ ಏನಾದರೂ ಮಾಡಬಹುದೇ? (ಶಿಕ್ಷಕ, ರಾಯಚೂರು ಜಿಲ್ಲೆ)

ಉತ್ತರ: ಖಂಡಿತ ಮಾಡಬಹುದು ಸರ್. ಫೋನ್ ಬೇಕಾಗುವ ಹೋಂವರ್ಕ್ ಮಾತ್ರ ಕೊಡಬೇಡಿ. ಫೋನಿಲ್ಲದ ಮಗು ಮರುದಿನ ತರಗತಿಯಲ್ಲಿ ತಲೆ ತಗ್ಗಿಸಿ ಕೂರುವ ಹಾಗಾಗಬಾರದು.

ಪ್ಲಿಕರ್ಸ್ ಅಂತ ಒಂದು ಆ್ಯಪ್ ಇದೆ. ಪ್ರತಿ ಮಗುವಿಗೂ ಪ್ರಿಂಟ್ ಮಾಡಿದ ಒಂದೊಂದು ಕಾರ್ಡು. ಅದರ ನಾಲ್ಕು ಬದಿ ನಾಲ್ಕು ಉತ್ತರ. ತನ್ನ ಉತ್ತರದ ಬದಿ ಮೇಲೆ ಬರುವ ಹಾಗೆ ಮಗು ಕಾರ್ಡು ಹಿಡಿಯುತ್ತದೆ. ನೀವು ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಆಡಿಸಿದರೆ ಯಾರು ಯಾವ ಉತ್ತರ ಕೊಟ್ಟರು ಅಂತ ನಿಮಗೆ ಕಾಣುತ್ತದೆ. ಯಾರದು ತಪ್ಪು ಅನ್ನುವುದು ಪಕ್ಕದವರಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ. ನಾಚಿಕೆಯ ಮಕ್ಕಳು ಇದರಲ್ಲಿ ಧೈರ್ಯವಾಗಿ ಉತ್ತರ ಕೊಡುತ್ತಾರೆ. ಸಿಗ್ನಲ್ ಸಿಗದಿದ್ದರೆ ನಾಲ್ಕು ಬಣ್ಣದ ಕಾಗದದ ಚೀಟಿ ಸಾಕು. ಮೂರು ಎಣಿಸಿದ ಕೂಡಲೇ ಎಲ್ಲರೂ ಒಟ್ಟಿಗೆ ಎತ್ತಬೇಕು ಅಂತ ನಿಯಮ ಮಾಡಿ.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಿಂದ ಹೀಗೇ ಪಾಠ ಮಾಡುತ್ತಾ ಬಂದವರು. ಮೊದಲು ಒಬ್ಬೊಬ್ಬರೇ ಉತ್ತರ ಆರಿಸುವುದು, ಆಮೇಲೆ ಪಕ್ಕದವರ ಜೊತೆ ವಾದ ಮಾಡುವುದು, ಮತ್ತೆ ಉತ್ತರ ಆರಿಸುವುದು. ಸುಮಾರು 30ರಿಂದ 70 ಶೇಕಡಾ ಮಕ್ಕಳ ಉತ್ತರ ಸರಿ ಇದ್ದಾಗ ಈ ಚರ್ಚೆ ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಪಾಠವನ್ನೇ ಇನ್ನೊಮ್ಮೆ ಮಾಡಿ. ಜಾಸ್ತಿ ಇದ್ದರೆ ಮುಂದೆ ಹೋಗಿ.

ನಿಮ್ಮ ಫೋನಿನ ಇನ್ನೊಂದು ದೊಡ್ಡ ಉಪಯೋಗ ಕ್ಯಾಮೆರಾ. ಲೆಕ್ಕವನ್ನು ಬೇರೆ ದಾರಿಯಲ್ಲಿ ಬಿಡಿಸಿದ ಮಗುವಿನ ನೋಟ್‌ಬುಕ್ ಪುಟದ ಫೋಟೋ ತೆಗೆದು ಎಲ್ಲರಿಗೂ ತೋರಿಸಿ. ಟಿವಿ, ಪ್ರೊಜೆಕ್ಟರ್ ಇಲ್ಲದಿದ್ದರೆ ಗುಂಪು ಗುಂಪಾಗಿ ಕರೆದು ಫೋನಿನಲ್ಲೇ ತೋರಿಸಿ. ಹೆಸರುಕಾಳು ಮೊಳಕೆ ಬರುವುದನ್ನು ದಿನಾ ಒಂದೇ ಜಾಗದಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯುವ ಕೆಲಸವನ್ನು ಮಕ್ಕಳಿಗೇ ವಹಿಸಿ. ವಾರದ ಕೊನೆಗೆ ಅದೇ ಅವರ ಗ್ರಾಫಿನ ಲೆಕ್ಕವಾಗುತ್ತದೆ.

ಪ್ರಶ್ನೆ: ಚಾಟ್‌ಜಿಪಿಟಿಯಿಂದ ಕಿರುಪರೀಕ್ಷೆಯ ಪ್ರಶ್ನೆಗಳನ್ನು ತೆಗೆಯಬಹುದಾ? (ಶಿಕ್ಷಕಿ, ಮೈಸೂರು)

ಉತ್ತರ: ತೆಗೆಯಬಹುದು, ಆದರೆ ಪ್ರತಿ ಪ್ರಶ್ನೆಯನ್ನೂ ನೀವೇ ಬಿಡಿಸಿ ನೋಡದೆ ಮಕ್ಕಳಿಗೆ ಕೊಡಬೇಡಿ. ಅದು ತಪ್ಪನ್ನೂ ಅಷ್ಟೇ ಖಚಿತವಾಗಿ ಹೇಳುತ್ತದೆ. ಕನ್ನಡದಲ್ಲಿ ಕೇಳಿದಾಗ ನಮ್ಮ ಪಠ್ಯಪುಸ್ತಕದಲ್ಲಿಲ್ಲದ ಪಾರಿಭಾಷಿಕ ಪದಗಳೂ ನುಸುಳುತ್ತವೆ. ಪಾಠದ ಒಂದು ಪುಟವನ್ನೇ ಅದಕ್ಕೆ ಕೊಟ್ಟು, ಇದರೊಳಗಿನ ಪದಗಳನ್ನೇ ಬಳಸು ಅಂತ ಹೇಳಿದರೆ ವಾಸಿ. ನಿಮ್ಮ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನು ತಿಳಿಸಿ, ಅವುಗಳಿಂದಲೇ ತಪ್ಪು ಆಯ್ಕೆಗಳನ್ನು ಮಾಡಿಸಿಕೊಳ್ಳಿ. ಮಕ್ಕಳ ಹೆಸರು, ಅಂಕಪಟ್ಟಿ, ಫೋಟೋ ಮಾತ್ರ ಅದಕ್ಕೆ ಹಾಕಲೇಬೇಡಿ.